ನೀತಿಬೋಧೆಯೂ ಆಯ್ಕೆಯ ಸ್ವಾತಂತ್ರ್ಯವೂ

ಈ ಸಂಚಿಕೆಯ ಸಂಪಾದಕ ಮಂಡಲಿಯವರು ವಿದ್ಯಾರ್ಥಿಗಳ ನೀತಿಶಿಕ್ಷಣವನ್ನು ಕುರಿತು ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆನು. ಕನ್ನಡ ಪಂಡಿತನಾದವನಿಗೆ ಇದು ಕಷ್ಟದ ಕೆಲಸವೇನೂ ಅಲ್ಲ. ಶತಕಗಳಿಂದ ಹತ್ತು, ಸುಭಾಷಿತಗಳಿಂದ ಹತ್ತು ಪದ್ಯಗಳನ್ನು ಆರಿಸಿ, ಇಂದಿನ ಯುವಜನಾಂಗವು ದಾರಿ ತಪ್ಪುತ್ತಿದೆ ಎಂಬ ಎರಡು ವಾಕ್ಯಗಳನ್ನು ನಡುವೆ ಸೇರಿಸಿದರೆ ಲೇಖನವು ಸಿದ್ಧವಾಗುತ್ತದೆ. ಅಂತಹ ಲೇಖನಗಳನ್ನು ನಾನೂ ಬರೆದಿದ್ದೇನೆ. ಈ ಸಲ ಹಾಗೆ ಬರೆಯಲು ಮನಸ್ಸು ಒಪ್ಪಲಿಲ್ಲ. ಈಚೆಗೆ ನಮ್ಮ ಅಧ್ಯಾಪಕರ ಸಭೆಯಲ್ಲಿ ನಡೆದ ಒಂದು ಚರ್ಚೆಯೇ ಅದಕ್ಕೆ ಕಾರಣ.

ವಿಷಯವಿಷ್ಟೆ. ಶಾಲೆಯ ಮೇಲೆ ಬಹಳ ಅಭಿಮಾನವುಳ್ಳ ದಾನಿಗಳೊಬ್ಬರು ಪ್ರತಿಯೊಂದು ತರಗತಿಯ ಕೊಠಡಿಗೂ ಕ್ಯಾಮೆರಾ ಅಳವಡಿಸಿಕೊಡುವುದಾಗಿ ಮುಂದೆ ಬಂದಿದ್ದಾರೆ. ವಾರ್ಷಿಕ ಪರೀಕ್ಷೆಗಷ್ಟೇ ಅಲ್ಲದೆ ತಿಂಗಳ ಕಿರುಪರೀಕ್ಷೆಗಳಿಗೂ, ದಿನದ ಪಾಠಕ್ಕೂ ಅದು ಒದಗಲೆಂಬುದು ಅವರ ಆಶಯ. ಸಭೆಯಲ್ಲಿ ಬಹುಮಂದಿ ಇದನ್ನು ಸ್ವಾಗತಿಸಿದರು. "ಇನ್ನು ಮೇಲೆ ಮಕ್ಕಳು ತಾವಾಗಿಯೇ ಪ್ರಾಮಾಣಿಕರಾಗುತ್ತಾರೆ" ಎಂದು ಸಹೋದ್ಯೋಗಿಗಳೊಬ್ಬರು ಹರ್ಷದಿಂದ ನುಡಿದರು. ಆ "ತಾವಾಗಿಯೇ" ಎಂಬ ಮಾತು ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು.

ನಮ್ಮ ರಾಜ್ಯದಲ್ಲಿ ಇದಕ್ಕೊಂದು ಹಿನ್ನೆಲೆಯಿದೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೊಠಡಿಗಳ ದೃಶ್ಯವನ್ನು ದೂರದಲ್ಲಿ ಕುಳಿತ ಅಧಿಕಾರಿಗಳು ನೋಡುತ್ತಿರುವಂತೆ ವೆಬ್‌ಕಾಸ್ಟಿಂಗ್ ಏರ್ಪಾಟನ್ನು ತಂದರು. ಹಿಂದಿನ ವರ್ಷ, ಎಂದರೆ 2023ರಲ್ಲಿ, ಶೇಕಡಾ 83.89 ಇದ್ದ ತೇರ್ಗಡೆಯ ಪ್ರಮಾಣವು ಆ ವರ್ಷ ಹೆಚ್ಚುವರಿ ಕೃಪಾಂಕಗಳನ್ನು ನೀಡಿದ ಮೇಲೂ 73.40ಕ್ಕೆ ಇಳಿಯಿತು. ಇಳಿಕೆಗೆ ಕಾರಣಗಳು ಹಲವಿರಬಹುದು; ಎಲ್ಲವನ್ನೂ ಮಕ್ಕಳ ಕಳ್ಳತನಕ್ಕೆ ಕಟ್ಟುವುದು ನ್ಯಾಯವಲ್ಲ. ಆದರೂ ಆ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಯಾವ ಅಧ್ಯಾಪಕನಿಗೂ ಒಳಗೆ ಚುರುಕ್ಕೆನ್ನದೆ ಇರದು.

ಸಾರ್ವಜನಿಕ ಪರೀಕ್ಷೆಗೆ ಕಾವಲು ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಅಲ್ಲಿ ಒಬ್ಬನು ಕದ್ದು ಪಡೆದ ಅಂಕವು ಇನ್ನೊಬ್ಬನ ಬಾಯಿಂದ ಕಸಿದ ತುತ್ತು. ರಾತ್ರಿಯೆಲ್ಲ ಓದಿ ಬರೆದ ಬಡ ಮಗುವಿನ ಪಾಲನ್ನು ಕಾಯುವುದು ಸರ್ಕಾರದ ಧರ್ಮವೇ ಸರಿ. ಆದರೆ ಕಾಯುವುದು ಬೇರೆ, ಕಲಿಸುವುದು ಬೇರೆ. ಪರೀಕ್ಷಾ ಮಂಡಲಿಯ ಕೆಲಸವು ಕಾಯುವುದು. ಶಾಲೆಯ ಕೆಲಸವು ಕಲಿಸುವುದು. ಇವೆರಡನ್ನೂ ಒಂದೇ ಎಂದು ನಾವು ಭಾವಿಸಿದ ದಿನ ನೀತಿಬೋಧೆಯ ಅವಧಿಯನ್ನು ವೇಳಾಪಟ್ಟಿಯಿಂದ ತೆಗೆದುಹಾಕಿ ಆ ನಲವತ್ತು ನಿಮಿಷಗಳನ್ನು ಗಣಿತಕ್ಕೆ ಕೊಡುವುದು ಲೇಸು.

ವ್ಯಾಕರಣವನ್ನು ಓದಿದವನ ಚಪಲವನ್ನು ವಾಚಕರು ಕ್ಷಮಿಸಬೇಕು. ಪಾಣಿನಿ ಮಹರ್ಷಿಯು ಕಾರಕಗಳನ್ನು ವಿವರಿಸುವಾಗ ಕರ್ತೃ ಎಂದರೆ ಯಾರು ಎಂಬುದಕ್ಕೆ ಕೊಡುವ ಲಕ್ಷಣವು ಬಹಳ ಚಿಕ್ಕದು: ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನೇ ಕರ್ತೃ. ಬಲಿಷ್ಠನೆಂದಾಗಲಿ ಪಂಡಿತನೆಂದಾಗಲಿ ಅಲ್ಲಿ ಹೇಳಿಲ್ಲ. ಸ್ವಾತಂತ್ರ್ಯವಿಲ್ಲದಿದ್ದರೆ ಕರ್ತೃತ್ವವಿಲ್ಲ; ಕರ್ತೃತ್ವವಿಲ್ಲದಿದ್ದರೆ ಅದು ಅವನ ಕಾರ್ಯವೇ ಅಲ್ಲ. ಬಳಿಕ ಆ ಕರ್ತೃವನ್ನು ಪ್ರೇರೇಪಿಸುವವನ ಮಾತು ಬರುತ್ತದೆ. ಗುರುವು ಶಿಷ್ಯನಿಂದ ಪಾಠವನ್ನು ಓದಿಸಿದನು ಎಂಬಲ್ಲಿ ಗುರುವು ಪ್ರೇರಕನಾದರೂ ಓದುವ ಕ್ರಿಯೆಯು ಶಿಷ್ಯನದೇ. ಕನ್ನಡದಲ್ಲಿ ನಾವು ಇದಕ್ಕೆ 'ಇಸು' ಪ್ರತ್ಯಯವನ್ನು ಹಚ್ಚುತ್ತೇವೆ. ಓದು, ಓದಿಸು, ಬರೆ, ಬರೆಯಿಸು. ಆದರೆ 'ಇರು' ಎಂಬ ಧಾತುವಿಗೆ ಅದೇ ಪ್ರತ್ಯಯವನ್ನು ಹಚ್ಚಿ ನೋಡಿರಿ. 'ಇರಿಸು' ಎಂದಾಗುತ್ತದೆ. ಇರಿಸುವುದು ಸಾಮಾನ್ಯವಾಗಿ ಪಾತ್ರೆಯನ್ನು, ಪುಸ್ತಕವನ್ನು, ಪೆಟ್ಟಿಗೆಯನ್ನು. ಹುಡುಗನು ಪ್ರಾಮಾಣಿಕನಾಗಿ ಇರಬಲ್ಲನು. ಕ್ಯಾಮೆರಾದ ಕೆಳಗೆ ಅವನು ಪ್ರಾಮಾಣಿಕನಾಗಿ ಇರಿಸಲ್ಪಟ್ಟಿರುತ್ತಾನೆ. ನಮ್ಮ ಸಹೋದ್ಯೋಗಿಗಳ "ತಾವಾಗಿಯೇ" ಎಂಬ ಮಾತು ವ್ಯಾಕರಣಶುದ್ಧವಲ್ಲವೆಂದು ನನಗೆ ತೋರಿದುದು ಇದರಿಂದ.

ಆಯ್ಕೆ ಎಂಬ ಕನ್ನಡ ಪದದಲ್ಲಿಯೂ ಒಂದು ಸ್ವಾರಸ್ಯವಿದೆ. ಆಯ್ ಎಂದರೆ ಹೆಕ್ಕು, ಆರಿಸು, ಒಂದೊಂದಾಗಿ ಎತ್ತಿಕೊ. ಅಕ್ಕಿಯಲ್ಲಿ ಕಲ್ಲು ಆಯುವ ನಮ್ಮ ತಾಯಂದಿರ ಕೆಲಸವೂ, ದೊಡ್ಡ ತತ್ತ್ವಜ್ಞಾನಿಗಳು ಹೇಳುವ ಆಯ್ಕೆಯ ಸ್ವಾತಂತ್ರ್ಯವೂ ಒಂದೇ ಧಾತುವಿನ ಮಕ್ಕಳು. ಆ ಧಾತುವನ್ನೇ ತಮ್ಮ ಹೆಸರಾಗಿ ಧರಿಸಿದ ಶರಣ ದಂಪತಿಗಳು ನಮ್ಮ ಪರಂಪರೆಯಲ್ಲಿರುವಾಗ ನೀತಿಶಿಕ್ಷಣಕ್ಕೆ ಬೇರೆ ಪಠ್ಯವನ್ನು ನಾನೇಕೆ ಹುಡುಕಲಿ?

ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಅವರ ಕಾಯಕ. ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನವೇ ಇದೆ. ಒಂದು ದಿನ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತನು. ಲಕ್ಕಮ್ಮನು ಬಂದು ಕಾಯಕದ ಹೊತ್ತು ಮೀರಿತೆಂದು ನೆನಪು ಮಾಡಿದಳು ಎಂದು ಬರೆಯಹೊರಟು ನನ್ನ ಲೇಖನಿಯೇ ತಡವರಿಸಿತು. ಲಕ್ಕಮ್ಮ ಬಂದಳು, ನೆನಪು ಮಾಡಿದಳು ಎಂದು ತಿದ್ದಿಕೊಳ್ಳುತ್ತೇನೆ. ಆಕೆಯ ಮಾತನ್ನು ಕೇಳಿ ಅವಸರದಿಂದ ಹೋದ ಮಾರಯ್ಯ ಅಂದು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಆಗ ಆಕೆ ಈ ಹೆಚ್ಚಿನದು ಯಾರ ಮನಸ್ಸಿನಿಂದ ಬಂದಿತೆಂದು ಕೇಳಿದಳು. ನಮಗೆ ನಿತ್ಯದಷ್ಟೇ ಸಾಕು, ಉಳಿದುದನ್ನು ಅಲ್ಲಿಯೇ ಸುರಿದು ಬಾ ಎಂದಳು. ಆತ ಸುರಿದು ಬಂದನು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಅಪರಿಗ್ರಹದ ದೃಷ್ಟಾಂತವೆಂದು ಹೇಳಿ ಮುಗಿಸುತ್ತೇವೆ. ನಾನು ವಾಚಕರ ಗಮನವನ್ನು ಸೆಳೆಯಬಯಸುವುದು ಬೇರೊಂದು ಸಂಗತಿಯ ಕಡೆಗೆ. ಆ ಅಂಗಳದಲ್ಲಿ ಕಾವಲುಗಾರನಿರಲಿಲ್ಲ. ಚೆಲ್ಲಿದ ಅಕ್ಕಿಯನ್ನು ಅಳೆದಿಟ್ಟವರಿರಲಿಲ್ಲ. ಹೆಚ್ಚು ತಂದುದು ಕಳವೂ ಅಲ್ಲ. ಬಿದ್ದುದನ್ನು ಆಯ್ದುಕೊಳ್ಳಲು ಆತನಿಗೆ ಸಮ್ಮತಿಯೇ ಇತ್ತು. ಯಾವ ನಿಯಮವೂ ಭಂಗವಾಗಿರಲಿಲ್ಲ, ಯಾವ ದಂಡವೂ ಕಾದಿರಲಿಲ್ಲ. ಲಕ್ಕಮ್ಮ ಗಂಡನ ಜೋಳಿಗೆಯನ್ನು ಕಿತ್ತುಕೊಂಡು ತಾನೇ ಹೋಗಿ ಸುರಿಯಲಿಲ್ಲ. ಆಕೆ ಮಾಡಿದುದು ಕೇಳಿದುದು. ಕೇಳಿ, ಹೊತ್ತು ತಂದವನನ್ನೇ ಹಿಂದಕ್ಕೆ ಕಳುಹಿಸಿದುದು. ಎರಡನೆಯ ಸಲ ಆ ದಾರಿಯಲ್ಲಿ ನಡೆದು ಹೋಗುವಾಗ ಮಾರಯ್ಯ ಕರ್ತೃವಾದನು. ಅಧ್ಯಾಪಕನು ಲಕ್ಕಮ್ಮನ ಸ್ಥಾನದಲ್ಲಿ ನಿಲ್ಲಬೇಕಾದವನು. ನಾವಾದರೋ ಮಹಾಮನೆಯ ಅಂಗಳಕ್ಕೆ ಬೇಲಿ ಹಾಕಿಸುವ ಆಲೋಚನೆಯಲ್ಲಿದ್ದೇವೆ.

ಇಲ್ಲಿ ಒಬ್ಬರು ಕೇಳಬಹುದು: ದೇವರು ನೋಡುತ್ತಾನೆ ಎಂದು ಹೇಳಿಕೊಡುವುದೂ ಒಂದು ಕಾವಲೇ ಅಲ್ಲವೆ? ಯಾರೂ ಕಾಣದೆಡೆಯಲ್ಲಿ ಬಾಳೆಹಣ್ಣನ್ನು ತಿಂದು ಬಾ ಎಂದ ಗುರುವಿಗೆ ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಿರುಗಿಸಿದ ಕಥೆಯನ್ನು ಪ್ರಾಥಮಿಕ ಶಾಲೆಯಲ್ಲಿಯೇ ಎಲ್ಲರೂ ಕೇಳಿದ್ದೇವೆ. ಆಕಾಶದಲ್ಲೊಂದು ಮಹಾ ಕ್ಯಾಮೆರಾ ಇದೆಯೆಂಬಂತೆ ಅದನ್ನು ಹೇಳಿಕೊಡುವ ಅಧ್ಯಾಪಕರೂ ಉಂಟು. ಇದನ್ನೇ ಹೋಲುವ ಒಂದು ಜಾತಕಕಥೆಯಿದೆ. ಅಲ್ಲಿ ಕದ್ದು ತರಲು ಹೇಳಿದ ಗುರುವಿನ ಮುಂದೆ ಬರಿಗೈಯಲ್ಲಿ ನಿಂತ ಶಿಷ್ಯನು, ಬೇರೆ ಯಾರೂ ಇಲ್ಲದೆಡೆಯಲ್ಲಿಯೂ ನಾನಂತೂ ಇರುತ್ತೇನಲ್ಲ ಎಂಬರ್ಥದ ಮಾತನ್ನು ಹೇಳುತ್ತಾನೆ. ನಮ್ಮ ಇಷ್ಟಲಿಂಗದ ತತ್ತ್ವವು ಈ ಎರಡು ಕಥೆಗಳನ್ನೂ ಒಂದೆಡೆ ಕೂಡಿಸುತ್ತದೆಂದು ನನ್ನ ನಂಬಿಕೆ. ಅಂಗೈಯಲ್ಲಿರುವ ದೇವರು ಮೇಲಿನಿಂದ ಇಣಿಕಿ ನೋಡುವವನಲ್ಲ; ಅವನನ್ನು ನೋಡುವುದೂ ಅರಿವು, ಅವನು ನೋಡುವುದೂ ಅರಿವು. ಈ ವಿಚಾರವು ದೊಡ್ಡದು, ಪೂಜ್ಯರು ಹೇಳಬೇಕಾದುದು. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಇಷ್ಟನ್ನು ಬರೆದ ಮೇಲೆ ಅಧ್ಯಾಪಕವರ್ಗದ ತಪ್ಪನ್ನು ಮುಚ್ಚಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ಗಾಂಧೀಜಿಯವರು ಬಾಲ್ಯದಲ್ಲಿ ರಾಜಕೋಟೆಯ ಶಾಲೆಯಲ್ಲಿದ್ದಾಗ ಇನ್ಸ್‌ಪೆಕ್ಟರು ಬರೆಯಿಸಿದ ಇಂಗ್ಲಿಷ್ ಪದಗಳಲ್ಲಿ 'ಕೆಟಲ್' ಎಂಬುದನ್ನು ತಪ್ಪಾಗಿ ಬರೆದರು. ಪಕ್ಕದವನ ಹಲಗೆಯನ್ನು ನೋಡಿ ತಿದ್ದಿಕೊ ಎಂದು ಉಪಾಧ್ಯಾಯರೇ ಬೂಟಿನ ತುದಿಯಿಂದ ಸನ್ನೆ ಮಾಡಿದರು. ಉಪಾಧ್ಯಾಯರು ನಿಂತಿರುವುದು ನಕಲನ್ನು ತಡೆಯಲೆಂದು ತಿಳಿದಿದ್ದ ಬಾಲಕನಿಗೆ ಆ ಸನ್ನೆಯೇ ಅರ್ಥವಾಗಲಿಲ್ಲ. ಆತ್ಮಕಥೆಯ ಈ ಪ್ರಸಂಗವನ್ನು ಪಾಠ ಮಾಡುವಾಗಲೆಲ್ಲ ನನಗೆ ಬೇರೊಂದು ಕೊಠಡಿಯ ನೆನಪಾಗುತ್ತದೆ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಊರಿನ ಪರೀಕ್ಷಾ ಕೇಂದ್ರಕ್ಕೆ ನನ್ನನ್ನು ಕೊಠಡಿ ಮೇಲ್ವಿಚಾರಕನಾಗಿ ಕಳುಹಿಸಿದ್ದರು. "ನೋಡಿಯೂ ನೋಡದಂತೆ ಇರ್ರಿ, ಪಂಡಿತರೇ, ಹುಡುಗರ ಬಾಳಿನ ಪ್ರಶ್ನೆ" ಎಂದು ಹಿರಿಯರೊಬ್ಬರು ಬಾಗಿಲಲ್ಲೇ ಹೇಳಿದರು. ನಾನು ಕಿಟಕಿಯ ಕಡೆಗೆ ಮುಖ ಮಾಡಿ ನಿಂತೆನು. ಬೆನ್ನ ಹಿಂದೆ ಚೀಟಿಗಳ ಸಪ್ಪಳ ಕೇಳುತ್ತಿತ್ತು. ಒಮ್ಮೆ ತಿರುಗಿದಾಗ, ಪಕ್ಕದ ಸಾಲಿನಿಂದ ಬಂದ ಚೀಟಿಯನ್ನು ಮುಟ್ಟದೆ ಸುಮ್ಮನೆ ಕುಳಿತಿದ್ದ ಒಬ್ಬ ಹುಡುಗಿ ನನ್ನನ್ನು ನೋಡಿದಳು. ನಾನು ಮತ್ತೆ ಕಿಟಕಿಯ ಕಡೆಗೆ ತಿರುಗಿದೆನು. ಆಕೆ ತೇರ್ಗಡೆಯಾದಳೋ ಇಲ್ಲವೋ ನನಗೆ ತಿಳಿಯದು. ಆ ಕೊಠಡಿಯಲ್ಲಿ ಆಯ್ಕೆಯ ಸ್ವಾತಂತ್ರ್ಯವನ್ನು ಸರಿಯಾಗಿ ಬಳಸಿದವಳು ಆಕೆ ಒಬ್ಬಳೇ. ವೇತನ ಪಡೆಯುತ್ತಿದ್ದವನು ನಾನು.

ಆದುದರಿಂದ ಕ್ಯಾಮೆರಾ ಬಂದುದು ಮಕ್ಕಳ ದೋಷಕ್ಕಿಂತ ನಮ್ಮ ದೋಷಕ್ಕಾಗಿ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮಂತಹವರು ಕಿಟಕಿಯ ಕಡೆಗೆ ತಿರುಗದೆ ಇದ್ದಿದ್ದರೆ ಗೋಡೆಗೆ ಕಣ್ಣು ಹಚ್ಚುವ ಪ್ರಮೇಯವು ಬರುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಬೇಸರಿಸಬಾರದು. ಶಾಲೆಗೆ ಬಂದವರು ಮೊದಲು ಕೇಳುವುದು ಈ ಸಲ ಶೇಕಡಾ ಎಷ್ಟು, ಡಿಸ್ಟಿಂಕ್ಷನ್ ಎಷ್ಟು ಎಂದು. ಇಂತಹ ಸಂಚಿಕೆಗಳಲ್ಲಿ ಆ ಅಂಕಿಗಳಿಗೆ ಇಡೀ ಪುಟವೇ ಮೀಸಲು. ಆ ಪುಟವು ಪ್ರತಿವರ್ಷವೂ ಹಿಂದಿನ ವರ್ಷಕ್ಕಿಂತ ಚೆಂದವಾಗಿರಬೇಕೆಂಬ ಒತ್ತಾಯದಲ್ಲಿಯೇ ಎಷ್ಟೋ ಅಧ್ಯಾಪಕರು ಕಿಟಕಿಯನ್ನು ನೋಡುವುದನ್ನು ಕಲಿತರು.

ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟರೆ ಕೆಟ್ಟುಹೋಗುತ್ತಾರೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಳೆಯ ಸಸಿಗೆ ಬೇಲಿ ಬೇಕು. ಒಂದನೆಯ ತರಗತಿಯ ಮಗುವಿಗೆ ಇದು ಸರಿ, ಇದು ತಪ್ಪು ಎಂದು ಹೇಳಲೇಬೇಕು. ಆದರೆ ಹದಿನಾಲ್ಕು ಹದಿನೈದು ವಯಸ್ಸಿನವರ ಮಾತು ಬೇರೆ. ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಶ್ರೀಮಠದ ಪ್ರಸಾದ ನಿಲಯದಲ್ಲಿ ಊಟದ ಪಂಕ್ತಿಯನ್ನು ನೋಡಿರಿ. ಬೇಕಾದಷ್ಟು ನೀಡಿಸಿಕೊಳ್ಳಿ, ನೀಡಿಸಿಕೊಂಡದ್ದನ್ನು ಬಿಡಬೇಡಿ ಎಂಬುದೊಂದೇ ಅಲ್ಲಿಯ ಕಟ್ಟಳೆ. ಯಾವ ಹುಡುಗ ಎಷ್ಟು ರೊಟ್ಟಿ ತಿಂದ ಎಂದು ಎಣಿಸಿಕೊಂಡವರಿಲ್ಲ. ನಾನೂ ಆ ಪಂಕ್ತಿಯಲ್ಲಿ ಕುಳಿತು ಬೆಳೆದವನು. ಮೊದಲ ತಿಂಗಳಲ್ಲಿ ಆಸೆಯಿಂದ ಹೆಚ್ಚು ಹಾಕಿಸಿಕೊಂಡು ತಿನ್ನಲಾರದೆ ಒದ್ದಾಡಿದೆನು. ಯಾರೂ ಬಯ್ಯಲಿಲ್ಲ, ತಾಟು ಬರಿದಾಗುವವರೆಗೆ ಬಡಿಸುವವರು ಕಾದು ನಿಂತರು, ಅಷ್ಟೆ. ಬಳಿಕ ನನ್ನ ಹಸಿವಿನ ಅಳತೆಯು ನನಗೆ ತಿಳಿಯಿತು. ಎಣಿಸಿ ಕೊಟ್ಟಿದ್ದರೆ ಅದು ಎಂದೆಂದಿಗೂ ತಿಳಿಯುತ್ತಿರಲಿಲ್ಲ. ಪಂಕ್ತಿಯಲ್ಲಿ ನಂಬಬಹುದಾದ ಹುಡುಗನನ್ನು ಪಾಠದ ಕೊಠಡಿಯಲ್ಲಿ ನಂಬಲಾಗದೆ?

ಆಡಳಿತ ಮಂಡಲಿಯವರ ಮುಂದೆ ನನ್ನ ವಿಜ್ಞಾಪನೆಯಿಷ್ಟು. ವಾರ್ಷಿಕ ಪರೀಕ್ಷೆಗೆ ನಿಯಮದಂತೆ ಏನೇನು ಬೇಕೋ ಅದೆಲ್ಲವೂ ಇರಲಿ. ದಾನಿಗಳ ಔದಾರ್ಯವನ್ನು ಶಾಲೆಯ ಹೆಬ್ಬಾಗಿಲಿಗೂ ಹೆಣ್ಣುಮಕ್ಕಳ ನಿಲಯದ ಆವರಣಕ್ಕೂ ಬಳಸೋಣ. ಅಲ್ಲಿ ಕಾವಲು ನಿಜವಾಗಿಯೂ ಅವಶ್ಯ. ಆದರೆ ತಿಂಗಳ ಕಿರುಪರೀಕ್ಷೆಯ ಕೊಠಡಿಯನ್ನು ಬಿಟ್ಟುಬಿಡೋಣ. ಅಲ್ಲಿ ಕ್ಯಾಮೆರಾ ಬೇಡ, ಮೇಲ್ವಿಚಾರಕರೂ ಬೇಡ. ಮಕ್ಕಳಿಂದ ಪ್ರತಿಜ್ಞೆ ಮಾಡಿಸುವುದಾಗಲಿ, ಪ್ರಾಮಾಣಿಕ ವಿದ್ಯಾರ್ಥಿಗೆಂದು ಬಹುಮಾನ ಇಡುವುದಾಗಲಿ ಬೇಡವೇ ಬೇಡ. ಬಹುಮಾನವೂ ಒಂದು ಬಗೆಯ ಕ್ಯಾಮೆರಾವೇ. ಮೊದಲ ಕೆಲವು ತಿಂಗಳು ಅವರು ನೋಡಿ ಬರೆಯುತ್ತಾರೆ, ಅಂಕಗಳು ಏರುತ್ತವೆ. ಆಮೇಲೆ ಮೇಲ್ವಿಚಾರಣೆಯ ಪರೀಕ್ಷೆಯಲ್ಲಿ ಅವು ಇಳಿಯುತ್ತವೆ. ಆಗ ಆ ಹುಡುಗನನ್ನು ಕರೆದು ಎರಡು ಉತ್ತರಪತ್ರಿಕೆಗಳನ್ನು ಅವನ ಮುಂದಿಟ್ಟು, ಈ ಹೆಚ್ಚಿನದು ಎಲ್ಲಿಂದ ಬಂದಿತಪ್ಪಾ ಎಂದು ಕೇಳುವ ಕೆಲಸ ನಮ್ಮದು. ಕೇಳಿ ಸುಮ್ಮನಾಗಬೇಕು. ಅವನ ಬಾಯಿಂದ ಉತ್ತರವನ್ನು ಕಿತ್ತುಕೊಳ್ಳಲೂ ಬಾರದು. ಇದಕ್ಕೆ ತಾಳ್ಮೆ ಬೇಕು; ಸಂಚಿಕೆಯ ಆ ಅಂಕಿಗಳ ಪುಟವು ಒಂದೆರಡು ವರ್ಷ ಸೊರಗಿದರೂ ಸಹಿಸುವ ದಾನಿಗಳು ಬೇಕು.

ಇದನ್ನು ಸಭೆಯಲ್ಲಿ ಹೇಳಿದಾಗ, "ಮೊದಲು ಯಾರ ವಿಷಯದಲ್ಲಿ ಪ್ರಯೋಗ, ಪಂಡಿತರೇ?" ಎಂದು ಗಣಿತದ ಅಧ್ಯಾಪಕರು ನಗುತ್ತ ಕೇಳಿದರು. ನ್ಯಾಯವಾದ ಪ್ರಶ್ನೆ. ಮುಖ್ಯೋಪಾಧ್ಯಾಯರು ಒಪ್ಪಿದರೆ, ಬರುವ ವರ್ಷದ ಮೊದಲ ಕಿರುಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯನ್ನು ಹಂಚಿ, ಬಾಗಿಲು ತೆರೆದಿಟ್ಟು, ನಾನು ಹೊರಗೆ ಬೇವಿನ ಕಟ್ಟೆಯ ಮೇಲೆ ಕೊಠಡಿಗೆ ಬೆನ್ನು ಮಾಡಿ ಕುಳಿತಿರುತ್ತೇನೆ. ಗಂಟೆ ಬಾರಿಸಿದ ಮೇಲೆ ಒಳಗೆ ಬರುತ್ತೇನೆ.