ಗಾಳಿಯ ತಂಪೋ, ನೀರಿನ ತಂಪೋ?

ನಾಗಮಂಗಲದ ಬಸ್ ನಿಲ್ದಾಣದ ಆಸುಪಾಸಿನಲ್ಲಿ ನಿಂತಿರುವ ಬೈಕುಗಳನ್ನು ಒಮ್ಮೆ ಗಮನಿಸಿ. ಹೆಚ್ಚಿನವುಗಳ ಎಂಜಿನ್ನಿನ ಸುತ್ತ ಒಂದರ ಮೇಲೊಂದು ಜೋಡಿಸಿಟ್ಟಂತೆ ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಕೆಲವದರಲ್ಲಿ ಮಾತ್ರ ಮುಂಚಕ್ರದ ಹಿಂದೆ ಜಾಲರಿಯಂಥ ರೇಡಿಯೇಟರ್ ಕಾಣುತ್ತದೆ. ಮೊದಲನೆಯವು ಗಾಳಿಯಿಂದ ತಣಿಯುವ ಎಂಜಿನ್ನುಗಳು, ಎರಡನೆಯವು ದ್ರವದಿಂದ ತಣಿಯುವಂಥವು. ಕಾಲೇಜಿಗೆ ಸೇರಿದ ಮಗ ಎರಡನೆಯದೇ ಬೇಕೆಂದು ಹಟ ಹಿಡಿಯುತ್ತಾನೆ. ಬೆಲೆ ಕೇಳಿದ ಅಪ್ಪ 'ಅದರಲ್ಲಿ ಅಂಥದ್ದೇನಿದೆ?' ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಸುಮಾರು ಕಾಲು ಭಾಗ. ಉಳಿದುದೆಲ್ಲ ಶಾಖ. ಅದರಲ್ಲಿ ಒಂದು ಪಾಲು ಹೊಗೆಕೊಳವೆಯಲ್ಲಿ ಹೊರಟುಹೋದರೆ ಇನ್ನೊಂದು ಪಾಲು ಸಿಲಿಂಡರಿನ ಗೋಡೆಗೆ ಇಳಿಯುತ್ತದೆ. ಉರಿಯುವ ಅನಿಲದ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು! ಶಾಖವನ್ನು ಕ್ಷಣಕ್ಷಣವೂ ಹೊರಗೆ ಸಾಗಿಸದಿದ್ದರೆ ಎಣ್ಣೆ ಕೆಟ್ಟು, ಪಿಸ್ಟನ್ ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಬಿಸಿ ಕಾಫಿಯನ್ನು ಬಸಿಗೆ ಸುರಿದರೆ ಬೇಗ ಆರುತ್ತದಲ್ಲವೇ? ಗಾಳಿ ತಗಲುವ ಜಾಗ ಹೆಚ್ಚಿತು, ಅಷ್ಟೆ. ಎಂಜಿನ್ನಿನ ಪಟ್ಟಿಗಳ ಗುಟ್ಟೂ ಇದೇ. ಪಂಪು, ಕೊಳವೆ ಯಾವುದೂ ಬೇಡ, ಸೋರುವ ಭಯವಿಲ್ಲ, ಖರ್ಚು ಕಡಿಮೆ. ಆದರೆ ಬೈಕು ಓಡುತ್ತಿದ್ದರೇನೇ ಗಾಳಿ ಬೀಸುವುದು. ಜಾತ್ರೆಯ ಜನಸಂದಣಿಯಲ್ಲಿ ತೆವಳುವಾಗ ಎಂಜಿನ್ ಕಾಯುತ್ತದೆ.

ಕುಲುಮೆಯಲ್ಲಿ ಕಾದ ಕುಡುಗೋಲನ್ನು ನೀರಿಗೆ ಅದ್ದಿದರೆ ಥಟ್ಟನೆ ತಣ್ಣಗಾಗುತ್ತದೆ. ಒಂದೇ ತೂಕದ ಗಾಳಿಗಿಂತ ನೀರು ಸುಮಾರು ನಾಲ್ಕು ಪಟ್ಟು ಶಾಖ ಹೀರಬಲ್ಲದು. ದ್ರವದ ಎಂಜಿನ್ನಿನಲ್ಲಿ ಪಂಪು 'ಕೂಲೆಂಟ್' ಎಂಬ ದ್ರವವನ್ನು ಸಿಲಿಂಡರಿನ ಸುತ್ತ ಹರಿಸಿ ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿ ಅದು ಶಾಖ ಬಿಟ್ಟು ಹಿಂದಿರುಗುತ್ತದೆ. ಬೈಕು ನಿಂತಾಗ ಫ್ಯಾನು ನೆರವಿಗೆ ಬರುತ್ತದೆ. ಅಂದರೆ ಎರಡೂ ಬಗೆಯಲ್ಲಿ ಶಾಖ ಕೊನೆಗೆ ಸೇರುವುದು ಗಾಳಿಯನ್ನೇ. ನೀರು ನಡುವಿನ ಹಮಾಲಿ ಮಾತ್ರ. ಆದರೆ ಈ ಹಮಾಲಿ ಎಂಜಿನ್ನಿನ ಬಿಸಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಡುತ್ತಾನೆ. ಹಾಗಾಗಿ ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಕಸುವು ತೆಗೆಯಬಹುದು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಾಗಮಂಗಲದಿಂದ ಪಾಂಡವಪುರ, ಶ್ರೀರಂಗಪಟ್ಟಣ ದಾಟಿದರೆ ಸಿಗುವ ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಬೈಕು ತಯಾರಿಸುತ್ತಿತ್ತು. ಅಲ್ಲಿಯ ಯೆಜ್ಡಿ ರೋಡ್‌ಕಿಂಗ್ 250 ಸಿಸಿಯ, ಗಾಳಿಯಿಂದ ತಣಿಯುವ, ಟೂ ಸ್ಟ್ರೋಕ್ ಬೈಕು. ಕಸುವು ಸುಮಾರು 16 ಅಶ್ವಶಕ್ತಿ. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರನ್ನು ಮರಳಿ ತಂದಾಗ ಎಂಜಿನ್ 293 ಸಿಸಿಯ, ದ್ರವದಿಂದ ತಣಿಯುವ, ಫೋರ್ ಸ್ಟ್ರೋಕ್ ಆಗಿತ್ತು. ಕಸುವು ಸುಮಾರು 27 ಅಶ್ವಶಕ್ತಿ. ಎಲ್ಲವೂ ನೀರಿನ ಮಹಿಮೆಯಲ್ಲ. ಎಂಜಿನ್ನಿನ ವಿನ್ಯಾಸವೇ ಬದಲಾಗಿತ್ತು. ಆದರೆ ಅಷ್ಟು ಕಸುವಿನ ಜೊತೆ ಬರುವ ಶಾಖವನ್ನು ಹದದಲ್ಲಿಡಲು ನೀರು ನೆರವಾಯಿತು. ಹಳೆಯ ರೂಪ ಉಳಿಸಲೆಂದು ಹೊಸ ಜಾವಾಕ್ಕೂ ಪಟ್ಟಿಗಳಿವೆ. ಆದ್ದರಿಂದ ಬಗೆ ತಿಳಿಯಲು ಪಟ್ಟಿ ನೋಡಿದರೆ ಸಾಲದು, ರೇಡಿಯೇಟರ್ ಇದೆಯೇ ಎಂದು ನೋಡಬೇಕು.

ಹಾಗಾದರೆ ಯಾವುದನ್ನು ಕೊಳ್ಳುವುದು? ಹಳ್ಳಿಯಿಂದ ಬಿ.ಜಿ. ನಗರದ ಕಾಲೇಜಿಗೆ ನಿತ್ಯ ಹೋಗಿಬರುವುದಷ್ಟೇ ಕೆಲಸವಾದರೆ 8 ಅಶ್ವಶಕ್ತಿಯ, 100 ಸಿಸಿ ಆಸುಪಾಸಿನ ಗಾಳಿಯ ಎಂಜಿನ್ ಸಾಕು. ರಿಪೇರಿ ಊರಲ್ಲೇ ಆಗುತ್ತದೆ, ಪೆಟ್ರೋಲೂ ಉಳಿಯುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಸಾಗಬೇಕಾದವರಿಗೆ ದ್ರವದ ಎಂಜಿನ್ನಿನಿಂದ ನಿಜವಾದ ಪ್ರಯೋಜನವಿದೆ. ಗೆಳೆಯನ ಬಳಿ ಇದೆ ಎಂಬುದು ಮಾತ್ರ ಕಾರಣವಲ್ಲ.

ಎರಡಕ್ಕೂ ಆರೈಕೆ ಬೇಕು. ಗದ್ದೆಯ ಕೆಸರು ಪಟ್ಟಿಗಳ ನಡುವೆ ಒಣಗಿ ಕೂತರೆ ಗಾಳಿ ಆಡುವುದಿಲ್ಲ. ಎಂಜಿನ್ ಆರಿದ ಮೇಲೆ ತೊಳೆಯಬೇಕು. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರು ಸುರಿಯಬಾರದು. ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವಂತೆ ಅಲ್ಲೂ ಒಳಗೆ ಸುಣ್ಣ ಕಟ್ಟುತ್ತದೆ. ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಲೇಬಾರದು. ಒತ್ತಡದಿಂದಾಗಿ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕೂಡಲೇ ಉಕ್ಕಿ ಮುಖ, ಕೈ ಸುಡುತ್ತದೆ.

ಬೈಕು ತರುವ ಮುನ್ನ ಮಕ್ಕಳು ಇಷ್ಟನ್ನು ಅಪ್ಪ ಅಮ್ಮನಿಗೆ ವಿವರಿಸಬಲ್ಲರಾದರೆ ಭೌತಶಾಸ್ತ್ರದ ಒಂದು ಪಾಠ ಚೆನ್ನಾಗಿ ಅರ್ಥವಾಗಿದೆ ಎಂದೇ ಲೆಕ್ಕ.