ತೊರೆಯುವ ಮುನ್ನಿನ ಮೌನ

ಪಾಲಿಟೆಕ್ನಿಕ್ಕನ್ನು ನಡುವೆಯೇ ತೊರೆಯುವ ವಿದ್ಯಾರ್ಥಿಗಳನ್ನು ಕುರಿತು ಬಡತನವೆಂದೋ ಉದಾಸೀನವೆಂದೋ ಹೇಳುವುದುಂಟು. ಬಡತನವೇನೋ ದಿಟ. ಆದರೆ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು ಡಿಪ್ಲೊಮಾ ತರಗತಿಯಲ್ಲಿ ಇಂಗ್ಲಿಷ್ ಪಠ್ಯವನ್ನು ಇದಿರುಗೊಳ್ಳುತ್ತಾನೆ. ಕಾರ್ಯಾಗಾರದಲ್ಲಿ ಚುರುಕಾದ ಕೈ ಪುಸ್ತಕದ ಮುಂದೆ ಹಿಂಜರಿಯುತ್ತದೆ. ಪ್ರಶ್ನೆ ಕೇಳಲಾರದೆ ಮೊದಲು ಮೌನಿಯಾಗುತ್ತಾನೆ, ಆಮೇಲೆ ಗೈರುಹಾಜರಾಗುತ್ತಾನೆ.

2022ರಲ್ಲಿ ಕರ್ನಾಟಕದ 150 ಐಟಿಐಗಳು ಹೊಸ ಯಂತ್ರಗಳೊಡನೆ ಉನ್ನತೀಕರಣಗೊಂಡು ಲೋಕಾರ್ಪಣೆಯಾದವು, ಸಂತೋಷವೇ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಸಮ್ಮತಿಯಿತ್ತಿತು. ಸಮ್ಮತಿಯೊಂದರಿಂದಲೇ ಪಾಠವಾಗದು. ಪಾರಿಭಾಷಿಕ ಪದವನ್ನು ಇಂಗ್ಲಿಷಿನಲ್ಲಿಯೇ ಉಳಿಸಿ, ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ, ತೊದಲಿದ ಪ್ರಶ್ನೆಗೂ ಕಿವಿಗೊಡುವ ಅಧ್ಯಾಪಕ ಬೇಕು. ಕನ್ನಡ ಕಲಿಸುವ ನಾವು ಕಾವ್ಯಪಾಠದೊಡನೆ ಈ ಕೆಲಸಕ್ಕೂ ಹೆಗಲು ಕೊಡಬೇಕೆಂದು ನಾನು ನಂಬಿದ್ದೇನೆ.