ಸೌಂದರ್ಯ ಸ್ಪರ್ಧೆ ಗೆದ್ದವರಿಗೆಲ್ಲ ವಿಶ್ವಕೋಶದಲ್ಲಿ ಪ್ರತ್ಯೇಕ ಪುಟ ಬೇಕೇ?

2025ರ ಮೇ 31ರಂದು ಹೈದರಾಬಾದಿನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯಲ್ಲಿ ಥಾಯ್ಲೆಂಡಿನ ಓಪಲ್ ಸುಚಾತಾ ಚುವಾಂಗ್‌ಶ್ರೀ ಕಿರೀಟ ಧರಿಸಿದರು. ಅದಕ್ಕೂ ಮುಂಚಿನ ಸ್ಪರ್ಧೆ 2024ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ನಡೆದಿತ್ತು. ಬೆನ್ನುಬೆನ್ನಿಗೆ ಎರಡು ಬಾರಿ ನಮ್ಮ ದೇಶದಲ್ಲೇ ನಡೆದದ್ದರಿಂದ ಪತ್ರಿಕೆ, ದೂರದರ್ಶನ, ಮೊಬೈಲುಗಳಲ್ಲೆಲ್ಲ ಇದೇ ಸುದ್ದಿಯಾಯಿತು. ಈ ಸಂಭ್ರಮದ ಹಿಂದೆ ಹೆಚ್ಚು ಸದ್ದಿಲ್ಲದೆ ಒಂದು ಹಳೆಯ ಚರ್ಚೆ ಮುಂದುವರಿದಿದೆ. ಒಂದು ಕಿರೀಟ ಗೆದ್ದ ಮಾತ್ರಕ್ಕೆ ವ್ಯಕ್ತಿಯೊಬ್ಬರಿಗೆ ವಿಶ್ವಕೋಶದಲ್ಲಿ ಅವರದೇ ಆದ ಪುಟ ಇರಬೇಕೇ, ಅಥವಾ ವಿಜೇತರ ಪಟ್ಟಿಯಲ್ಲಿ ಒಂದು ಸಾಲು ಸಾಕೇ?

ಇದು ಸಂಪಾದಕರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆ ಎನ್ನುವಂತಿಲ್ಲ. ಇಂದು ಯಾರದಾದರೂ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದು ಹೆಚ್ಚಾಗಿ ವಿಕಿಪೀಡಿಯದ ಪುಟ. ಕೆಲಸ ಕೊಡುವವರು, ಸಂಬಂಧ ಬೆಳೆಸುವವರು, ಸುದ್ದಿ ಬರೆಯುವವರು ಎಲ್ಲರೂ ಅದನ್ನೇ ನೋಡುತ್ತಾರೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ ಹೆಣ್ಣುಮಗಳೊಬ್ಬಳ ಬಗ್ಗೆ ಅಲ್ಲಿ ಏನು ಬರೆಯಲಾಗುತ್ತದೆ, ಯಾರು ಬರೆಯುತ್ತಾರೆ ಎಂಬುದು ಅವಳ ಮುಂದಿನ ಬದುಕನ್ನೂ ಮುಟ್ಟುವ ವಿಷಯ.

ನಿಯಮ ಏನು ಹೇಳುತ್ತದೆ?

ಮುದ್ರಿತ ವಿಶ್ವಕೋಶಗಳ ಕಾಲದಲ್ಲಿ ಜಾಗದ ಕೊರತೆಯೇ ದೊಡ್ಡ ಜರಡಿಯಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿ ಬಂತು. ಅಷ್ಟರೊಳಗೆ ವಿಜ್ಞಾನ, ಇತಿಹಾಸ, ಕಲೆ, ವ್ಯಕ್ತಿಗಳು ಎಲ್ಲವೂ ಹಿಡಿಸಬೇಕು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಸಂಪಾದಕ ಮಂಡಳಿ ತೂಗಿ ನೋಡಲೇಬೇಕಿತ್ತು. ವಿಕಿಪೀಡಿಯಕ್ಕೆ ಕಾಗದದ ಮಿತಿಯಿಲ್ಲ. ಆದ್ದರಿಂದ ಅಲ್ಲಿ ಜರಡಿಯ ಕೆಲಸವನ್ನು 'ಗಮನಾರ್ಹತೆ' ಎಂಬ ನಿಯಮ ಮಾಡುತ್ತದೆ.

ಇಂಗ್ಲಿಷ್ ವಿಕಿಪೀಡಿಯದ ಆ ನಿಯಮವನ್ನು ಸರಳವಾಗಿ ಹೇಳುವುದಾದರೆ, ವ್ಯಕ್ತಿಯೊಂದಿಗೆ ಯಾವ ಸಂಬಂಧವೂ ಇಲ್ಲದ, ನಂಬಲರ್ಹವಾದ ಮೂಲಗಳು ಅವರ ಬಗ್ಗೆ ಸಾಕಷ್ಟು ವಿವರವಾಗಿ ಬರೆದಿರಬೇಕು. ಹೆಸರು ಬಂದುಹೋದರೆ ಸಾಲದು. ಇದಕ್ಕೆ ಇನ್ನೊಂದು ಎಚ್ಚರಿಕೆಯ ನಿಯಮ ಜೊತೆಯಾಗುತ್ತದೆ. ಬದುಕಿರುವ ವ್ಯಕ್ತಿ ಒಂದೇ ಒಂದು ಘಟನೆಯಿಂದ ಸುದ್ದಿಯಾಗಿ, ಅನಂತರ ಸಾರ್ವಜನಿಕ ಜೀವನದಿಂದ ದೂರವಿದ್ದರೆ, ಸಾಮಾನ್ಯವಾಗಿ ಆ ಘಟನೆಯ ಪುಟದಲ್ಲೇ ಅವರ ಉಲ್ಲೇಖ ಇರಬೇಕು, ಪ್ರತ್ಯೇಕ ಜೀವನಚರಿತ್ರೆ ಬೇಡ. ಪುಟವೊಂದು ಬೇಡವೆಂದು ಯಾರಾದರೂ ಸೂಚಿಸಿದರೆ ಕನಿಷ್ಠ ಏಳು ದಿನ ಬಹಿರಂಗ ಚರ್ಚೆ ನಡೆದು ತೀರ್ಮಾನವಾಗುತ್ತದೆ. ಅಳಿಸುವ ಬದಲು, ಆ ಹೆಸರನ್ನು ಹುಡುಕಿದವರು ನೇರವಾಗಿ ಸ್ಪರ್ಧೆಯ ಪುಟಕ್ಕೆ ಹೋಗುವಂತೆ ಮಾಡುವ ಮಧ್ಯಮ ಮಾರ್ಗವೂ ಇದೆ.

ಸೌಂದರ್ಯ ಸ್ಪರ್ಧೆಯ ವಿಜೇತರ ವಿಷಯದಲ್ಲಿ ಈ ಚರ್ಚೆ ಹೆಚ್ಚಾಗಿ ಬಿಸಿಯೇರುವುದು ಅಮೆರಿಕದ ರಾಜ್ಯಮಟ್ಟದ ಕಿರೀಟಗಳ ಬಗ್ಗೆ. ಮಿಸ್ ಯುಎಸ್‌ಎ ಸ್ಪರ್ಧೆಗೆ 50 ರಾಜ್ಯಗಳಿಂದ ಮತ್ತು ರಾಜಧಾನಿ ಪ್ರದೇಶದಿಂದ ಒಬ್ಬೊಬ್ಬರು ಬರುತ್ತಾರೆ. ಹತ್ತು ವರ್ಷಕ್ಕೆ ಐನೂರಕ್ಕೂ ಹೆಚ್ಚು ಹೆಸರುಗಳಾದವು. ಮಿಸ್ ಅಮೆರಿಕದ ರಾಜ್ಯ ವಿಜೇತರು ಬೇರೆ. ಅವರಲ್ಲಿ ಬಹುಪಾಲು ಮಂದಿ ಒಂದು ವರ್ಷ ಆ ಪಟ್ಟ ಹೊತ್ತು, ಬಳಿಕ ಓದು, ಉದ್ಯೋಗ, ಸಂಸಾರ ಎಂದು ಎಲ್ಲರಂತೆ ಬದುಕುತ್ತಾರೆ. ನಮ್ಮಲ್ಲೂ ಫೆಮಿನಾ ಮಿಸ್ ಇಂಡಿಯಾ 2017ರಿಂದ ರಾಜ್ಯವಾರು ಪ್ರತಿನಿಧಿಗಳನ್ನು ಆರಿಸುವ ಪದ್ಧತಿಗೆ ಬಂದಿದೆ. ಹೀಗಾಗಿ ಇದೇ ಪ್ರಶ್ನೆ ಕರ್ನಾಟಕದ ಮನೆಬಾಗಿಲಿಗೂ ಬಂದಿದೆ.

ಬೇಕು ಎನ್ನುವವರ ವಾದ

ಪುಟ ಬೇಕು ಎನ್ನುವವರ ಮಾತಿನಲ್ಲಿ ತೂಕವಿಲ್ಲದೆ ಇಲ್ಲ. ಇಂಗ್ಲಿಷ್ ವಿಕಿಪೀಡಿಯದ ಜೀವನಚರಿತ್ರೆಗಳಲ್ಲಿ ಮಹಿಳೆಯರ ಪಾಲು ಸುಮಾರು ಐದನೇ ಒಂದು ಭಾಗ ಮಾತ್ರ. ಇನ್ನೊಂದು ಕಡೆ, ಬಹುಕಾಲ ಒಂದೇ ಒಂದು ವೃತ್ತಿಪರ ಪಂದ್ಯ ಆಡಿದ ಫುಟ್‌ಬಾಲ್ ಆಟಗಾರನಿಗೂ, ಒಂದೇ ಪ್ರಥಮ ದರ್ಜೆ ಪಂದ್ಯ ಆಡಿದ ಕ್ರಿಕೆಟಿಗನಿಗೂ ಅಲ್ಲಿ ಸುಲಭವಾಗಿ ಪುಟ ಸಿಗುತ್ತಿತ್ತು. ಆಡಿದ್ದೇ ಅರ್ಹತೆ ಎಂಬ ಆ ರಿಯಾಯಿತಿ ರದ್ದಾದದ್ದು 2022ರಲ್ಲಿ. ಆಟಗಾರನಿಗೊಂದು ಅಳತೆ, ಕಿರೀಟ ಗೆದ್ದ ಹೆಣ್ಣಿಗೊಂದು ಅಳತೆ ಏಕೆ ಎಂದು ಕೇಳಿದವರಿಗೆ ಅಷ್ಟು ವರ್ಷ ಸರಿಯಾದ ಉತ್ತರ ಇರಲಿಲ್ಲ.

ಅಲ್ಲದೆ ಈ ಸ್ಪರ್ಧೆಗಳು ಸಮಾಜದ ಇತಿಹಾಸವನ್ನು ಮುಟ್ಟಿದ ಸಂದರ್ಭಗಳಿವೆ. 1945ರಲ್ಲಿ ಬೆಸ್ ಮಯರ್ಸನ್ ಮಿಸ್ ಅಮೆರಿಕ ಆದ ಮೊದಲ ಯಹೂದಿ ಮಹಿಳೆಯಾದರು. ಮುಂದೆ ಅವರು ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಆಯುಕ್ತರಾಗಿ ಕೆಲಸ ಮಾಡಿದರು. 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಗೆ ಮಹಿಳಾ ವಿಮೋಚನಾ ಚಳವಳಿಯವರು ನುಗ್ಗಿ ಹಿಟ್ಟು ಎರಚಿ ಪ್ರತಿಭಟಿಸಿದರು. ಅದೇ ರಾತ್ರಿ ಗ್ರೆನಡಾ ದ್ವೀಪದ ಜೆನಿಫರ್ ಹೋಸ್ಟನ್ ಕಿರೀಟ ಗೆದ್ದ ಮೊದಲ ಕಪ್ಪು ವರ್ಣೀಯ ಮಹಿಳೆಯಾದರು. ಮುಂದೆ ಅವರು ಕೆನಡಾದಲ್ಲಿ ತಮ್ಮ ದೇಶದ ಹೈಕಮಿಷನರ್ ಆದರು. ಇಂಥವರಿಗೆ ಪುಟ ಇರಬೇಕು ಎನ್ನಲು ಯಾರೂ ಹಿಂದೆಮುಂದೆ ನೋಡಬೇಕಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ರೀಟಾ ಫರಿಯಾ ಇದ್ದಾರೆ. 1966ರಲ್ಲಿ ವಿಶ್ವಸುಂದರಿಯಾದ ಅವರು ಆ ಪಟ್ಟ ಪಡೆದ ಏಷ್ಯಾದ ಮೊದಲ ಮಹಿಳೆ. ಆಗ ಅವರು ವೈದ್ಯಕೀಯ ವಿದ್ಯಾರ್ಥಿನಿ. ಕಿರೀಟ ಬಂದ ಮೇಲೆ ರೂಪದರ್ಶಿಯಾಗಿ, ನಟಿಯಾಗಿ ಉಳಿಯದೆ ಓದು ಮುಗಿಸಿ ವೈದ್ಯೆಯಾದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದರು. ಆದರೆ ಇಂದು ಅವರ ಪುಟ ನಿಂತಿರುವುದು ಆ ಕಿರೀಟವೊಂದರ ಮೇಲಲ್ಲ, ಅನಂತರದ ಚಿತ್ರಜೀವನದ ಮೇಲೆ.

ಬೇಡ ಎನ್ನುವವರ ವಾದ

ಬೇಡ ಎನ್ನುವವರು ಮೊದಲು ಎತ್ತುವುದು ಮೂಲಗಳ ಪ್ರಶ್ನೆ. ಸೌಂದರ್ಯ ಸ್ಪರ್ಧೆಗಳು ಹುಟ್ಟಿದ್ದೇ ವ್ಯಾಪಾರದಿಂದ. 1921ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕಕ್ಕೆ ನಾಂದಿಯಾದ ಉತ್ಸವ ನಡೆದದ್ದು ಬೇಸಿಗೆ ಮುಗಿದರೂ ಪ್ರವಾಸಿಗರು ಊರು ಬಿಡದಿರಲಿ ಎಂಬ ವರ್ತಕರ ಲೆಕ್ಕಾಚಾರದಿಂದ. 1952ರಲ್ಲಿ ಮಿಸ್ ಯೂನಿವರ್ಸ್ ಆರಂಭಿಸಿದ್ದು ಈಜುಡುಗೆ ತಯಾರಿಸುವ ಒಂದು ಕಂಪನಿ. ನಮ್ಮ ಫೆಮಿನಾ ಮಿಸ್ ಇಂಡಿಯಾ ನಡೆಸುವುದು ಟೈಮ್ಸ್ ಸಮೂಹ. ಆದ್ದರಿಂದ ಆ ಸಮೂಹದ ಪತ್ರಿಕೆಗಳಲ್ಲಿ ವಿಜೇತರ ಬಗ್ಗೆ ಎಷ್ಟು ಪುಟ ಬಂದರೂ ಅದು ಸ್ವತಂತ್ರ ಮೂಲವಾಗುವುದಿಲ್ಲ. ಮದುವೆ ಮನೆಯವರೇ ಬರೆದ ಹೊಗಳಿಕೆಯನ್ನು ಊರಿನವರ ಅಭಿಪ್ರಾಯ ಎಂದು ಎಣಿಸಿದಂತಾಗುತ್ತದೆ. ಆ ಬರಹಗಳನ್ನು ಬದಿಗಿಟ್ಟರೆ ಎಷ್ಟೋ ವಿಜೇತರ ಬಗ್ಗೆ ಉಳಿಯುವುದು ಎತ್ತರ, ಹುಟ್ಟಿದ ಊರು, ಓದಿದ ಕಾಲೇಜು, 'ನನಗೆ ನೃತ್ಯ ಇಷ್ಟ' ಎಂಬ ಒಂದು ಮಾತು ಅಷ್ಟೆ. ಇದು ಪರಿಚಯ ಪತ್ರವಾಗಬಹುದು, ಜೀವನಚರಿತ್ರೆಯಾಗುವುದಿಲ್ಲ.

ಎರಡನೆಯದು ಆ ಹೆಣ್ಣುಮಗಳ ಹಿತ. ವಿಕಿಪೀಡಿಯದ ಪುಟ ಅವಳದಲ್ಲ. ಯಾರು ಬೇಕಾದರೂ ತಿದ್ದಬಹುದು. ಹತ್ತು ಜನ ನಿತ್ಯ ನೋಡುವ ಪುಟದಲ್ಲಿ ಕಿಡಿಗೇಡಿಯೊಬ್ಬ ಸುಳ್ಳು ಸೇರಿಸಿದರೆ ತಕ್ಷಣ ಅಳಿಸಿಹೋಗುತ್ತದೆ. ಯಾರೂ ಗಮನಿಸದ ಪುಟದಲ್ಲಿ ಅದೇ ಸುಳ್ಳು ತಿಂಗಳುಗಟ್ಟಲೆ ಉಳಿಯಬಹುದು. ಮುಂದೊಂದು ದಿನ ಅವಳು ಶಿಕ್ಷಕಿಯೋ, ಲೆಕ್ಕಪರಿಶೋಧಕಿಯೋ ಆಗಿ ನೆಮ್ಮದಿಯಿಂದ ಇರಬೇಕೆಂದರೂ ಹಳೆಯ ಪುಟ ಬೆನ್ನು ಬಿಡುವುದಿಲ್ಲ. ವನೆಸ್ಸಾ ವಿಲಿಯಮ್ಸ್ ಮಿಸ್ ಅಮೆರಿಕ ಪಟ್ಟ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. ತಮ್ಮ ಒಪ್ಪಿಗೆಯಿಲ್ಲದೆ ಪತ್ರಿಕೆಯೊಂದು ಹಳೆಯ ಚಿತ್ರಗಳನ್ನು ಪ್ರಕಟಿಸಲು ಹೊರಟಾಗ 1984ರಲ್ಲಿ ಅವರು ಪಟ್ಟ ಬಿಡಬೇಕಾಯಿತು. ಸ್ಪರ್ಧೆಯವರು ಅವರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2015ರಲ್ಲಿ. ಅಷ್ಟರಲ್ಲಿ ಅವರು ಗಾಯಕಿಯಾಗಿ, ನಟಿಯಾಗಿ ತಮ್ಮ ಹೆಸರನ್ನು ತಾವೇ ಕಟ್ಟಿಕೊಂಡಿದ್ದರು. ಹಾಗೆ ಕಟ್ಟಿಕೊಳ್ಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಮೂರನೆಯದು ಸಮತೋಲನ. ಕೆನಡಾದ ವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರ ಅಕ್ಟೋಬರಿನಲ್ಲಿ ಭೌತಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಆ ವಿಭಾಗದಲ್ಲಿ 55 ವರ್ಷಗಳ ಬಳಿಕ ಮಹಿಳೆಯೊಬ್ಬರಿಗೆ ಬಂದ ಗೌರವ ಅದು. ಆ ದಿನದವರೆಗೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟ ಇರಲಿಲ್ಲ. ಅದೇ ವರ್ಷ ಯಾರೋ ಬರೆದು ಸಲ್ಲಿಸಿದ್ದ ಕರಡನ್ನು, ಸಾಕಷ್ಟು ಮೂಲಗಳಿಲ್ಲ ಎಂದು ತಿರಸ್ಕರಿಸಲಾಗಿತ್ತು. ರಾಜ್ಯಮಟ್ಟದ ಕಿರೀಟಧಾರಿಣಿಗೆ ಪುಟ, ಪ್ರಯೋಗಾಲಯದಲ್ಲಿ ದಶಕಗಟ್ಟಲೆ ದುಡಿದವರಿಗೆ ಪುಟವಿಲ್ಲ ಎಂದಾದರೆ, ಮಹಿಳೆಯರ ಸಂಖ್ಯೆ ಏರಿದರೂ ಮಹಿಳೆಯರ ಬಗ್ಗೆ ಸಿಗುವ ಚಿತ್ರ ವಕ್ರವಾಗಿಯೇ ಉಳಿಯುತ್ತದೆ. ಪುಟಗಳ ಎಣಿಕೆಯನ್ನು ಸರಿಪಡಿಸಲು ಕಿರೀಟಗಳ ನೆರವು ಪಡೆಯುವುದರಲ್ಲಿ ಈ ಅಪಾಯವಿದೆ.

ಕರ್ನಾಟಕದ ಎರಡು ಪಾಠ

1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ರೈತ ಸಂಘಟನೆಗಳು, ಮಹಿಳಾ ಸಂಘಟನೆಗಳು, ಎಡ ಬಲ ಎನ್ನದೆ ಹಲವು ಗುಂಪುಗಳು ಬೇರೆ ಬೇರೆ ಕಾರಣಕ್ಕೆ ವಿರೋಧಿಸಿದವು. ಈಜುಡುಗೆ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಒಯ್ಯಬೇಕಾಯಿತು. ಅಂದು ಗೆದ್ದವರು ಗ್ರೀಸ್ ದೇಶದ ಐರಿನ್ ಸ್ಕ್ಲಿವಾ. ಇಂದು ಆ ಹೆಸರನ್ನು ನೆನಪಿಟ್ಟವರು ವಿರಳ, ಆದರೆ ಆ ಪ್ರತಿಭಟನೆಯನ್ನು ಮರೆತವರು ಕಡಿಮೆ. ಎಷ್ಟೋ ಸಲ ಗೆದ್ದವರಿಗಿಂತ ಘಟನೆಯೇ ದೊಡ್ಡದು. ಬರೆಯಬೇಕಾದದ್ದೂ ಘಟನೆಯ ಬಗ್ಗೆಯೇ.

ಎರಡನೆಯ ಪಾಠ ಇನ್ನೂ ಹಳೆಯದು. ಅತ್ತಿಮಬ್ಬೆಯನ್ನು ನಾಡು ಸಾವಿರ ವರ್ಷಗಳಿಂದ ನೆನೆಯುತ್ತಿದೆ. 'ದಾನಚಿಂತಾಮಣಿ' ಎಂಬ ಬಿರುದಿನ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಕೆಲಸವಿತ್ತು, ಲಕ್ಕುಂಡಿಯ ಬಸದಿ ಇತ್ತು, ಅಲ್ಲಿನ ಶಾಸನವಿತ್ತು. ಹೊಗಳಿದ ರನ್ನ ಆಕೆಯ ಆಶ್ರಯ ಪಡೆದ ಕವಿ. ಇಂದಿನ ಅಳತೆಯಲ್ಲಿ ಅವನ ಮಾತೊಂದೇ ಸ್ವತಂತ್ರ ಸಾಕ್ಷಿಯಾಗದು. ಆದರೆ ನಂತರದ ಇತಿಹಾಸಕಾರರು ಕಾವ್ಯವನ್ನೂ ಶಾಸನವನ್ನೂ ಒಟ್ಟಿಗೆ ಇಟ್ಟು ಓದಿ ಒಪ್ಪಿದರು. ಬಿರುದು ಯಾವುದೇ ಇರಲಿ, ಅದರ ಹಿಂದೆ ಹೇಳಲು ಏನಿದೆ, ಹೇಳುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ವಿಶ್ವಕೋಶ ಇಂದಿಗೂ ಕೇಳಬೇಕಾಗುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು?

ಎಲ್ಲರಿಗೂ ಪುಟ ಅಥವಾ ಯಾರಿಗೂ ಬೇಡ ಎಂಬ ಎರಡೂ ತೀರ್ಮಾನಗಳು ಸರಿಹೋಗುವುದಿಲ್ಲ. ಅಂತಾರಾಷ್ಟ್ರೀಯ ಸ್ಪರ್ಧೆ ಗೆದ್ದವರ ಬಗ್ಗೆ ಹಲವು ದೇಶಗಳ ಪತ್ರಿಕೆಗಳು ಸ್ವತಂತ್ರವಾಗಿ ಬರೆಯುವುದರಿಂದ ಅವರಿಗೆ ಪುಟ ಸಹಜ. ರಾಷ್ಟ್ರೀಯ ವಿಜೇತರ ವಿಷಯದಲ್ಲಿ ಆಯೋಜಕರ ಪ್ರಚಾರವನ್ನು ಕಳೆದು ಏನು ಉಳಿಯುತ್ತದೆ ಎಂದು ನೋಡಬೇಕು. ರಾಜ್ಯ ಮತ್ತು ನಗರ ಮಟ್ಟದವರಿಗೆ ವಿಜೇತರ ಪಟ್ಟಿಯಲ್ಲಿ ವರ್ಷ, ಹೆಸರು ಇದ್ದರೆ ಸಾಕು. ಮುಂದೆ ಅವರು ವೈದ್ಯೆಯಾಗಿ, ಉದ್ಯಮಿಯಾಗಿ, ಕಲಾವಿದೆಯಾಗಿ ಹೆಸರು ಮಾಡಿದರೆ ಆಗ ಪುಟ ತಾನಾಗಿ ಬರುತ್ತದೆ. ಪಟ್ಟಿಯಲ್ಲಿರುವುದು ಅವಮಾನವಲ್ಲ. ಗೆಲುವಿನ ದಾಖಲೆ ಅಲ್ಲಿ ಉಳಿದೇ ಇರುತ್ತದೆ, ಖಾಸಗಿ ಬದುಕು ಮಾತ್ರ ಬೀದಿಗೆ ಬರುವುದಿಲ್ಲ.

ಕುಟುಂಬಗಳು ಗಮನಿಸಬೇಕಾದ ಮಾತೊಂದಿದೆ. ಮಕ್ಕಳು ಯಾವುದೇ ಸ್ಪರ್ಧೆ ಗೆದ್ದ ಕೂಡಲೇ 'ಇಷ್ಟು ಹಣ ಕೊಟ್ಟರೆ ವಿಕಿಪೀಡಿಯದಲ್ಲಿ ಪುಟ ಮಾಡಿಸಿಕೊಡುತ್ತೇವೆ' ಎಂಬ ಆಮಿಷ ಬರುವುದುಂಟು. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕು ಎಂಬುದು 2014ರಿಂದ ವಿಕಿಮೀಡಿಯ ಸಂಸ್ಥೆಯ ಷರತ್ತು. ತಿರಸ್ಕೃತವಾದ ಕರಡುಗಳನ್ನು ಹುಡುಕಿ, ಸಂಬಂಧಪಟ್ಟವರಿಂದ ಹಣ ಕೀಳುತ್ತಿದ್ದ ಒಂದು ಜಾಲವನ್ನು 2015ರಲ್ಲಿ ಪತ್ತೆಹಚ್ಚಿ 381 ಖಾತೆಗಳನ್ನು ಅಲ್ಲಿ ನಿರ್ಬಂಧಿಸಲಾಯಿತು. ಹೀಗೆ ಹಣ ಕೊಟ್ಟು ಮಾಡಿಸಿದ ಪುಟ ಅಳಿಸಿಹೋಗುವ ಸಾಧ್ಯತೆಯೇ ಹೆಚ್ಚು. ಅಳಿಸುವ ಚರ್ಚೆಯಲ್ಲಿ ಮಗಳ ಹೆಸರು ಹಿಡಿದು ಅಪರಿಚಿತರು 'ಈಕೆ ಗಮನಾರ್ಹಳಲ್ಲ' ಎಂದು ಬರೆದದ್ದು ಮಾತ್ರ ಹಾಗೆಯೇ ಉಳಿಯಬಹುದು. ಅದರ ಬದಲು ಪತ್ರಿಕಾ ವರದಿ, ಪ್ರಮಾಣಪತ್ರ, ಭಾವಚಿತ್ರಗಳನ್ನು ಮನೆಯಲ್ಲಿ ಜೋಪಾನವಾಗಿಡಿ. ನಾಳೆ ಅವಳ ಕೆಲಸವನ್ನು ಗುರುತಿಸಿ ಯಾರಾದರೂ ಬರೆಯಲು ಬಂದಾಗ ಅವು ಉಪಯೋಗಕ್ಕೆ ಬರುತ್ತವೆ.